ಗಿಡಕ್ಕೆ ಕಟ್ಟಿದ ವೈರು

ಕಿಟಕಿಯ ಗಾಜು ಗಡಗಡ ಅನ್ನುತ್ತದೆಂದು ಯಾರೋ ಪುಣ್ಯಾತ್ಮರು ಅದನ್ನು ಸರಳಿಗೆ ವೈರಿನಿಂದ ಬಿಗಿದಿದ್ದಾರೆ, ಆದರೂ ಅದು ಗಡಗಡ ಅನ್ನುತ್ತಲೇ ಇದೆ, ಕೆಂಪು ವೈರು, ಗಿಡಕ್ಕೆ ತಾನು ಕಟ್ಟಿದ್ದು ನೀಲಿಯದು ಎಂದುಕೊಂಡಳು ಸಮತಾ, ಹಾಸ್ಟೆಲಿನ ಕೆಟ್ಟ ಮಿಕ್ಸಿಯದು, ಅವ್ವ ಅಡುಗೆಮನೆ ಮೂಲೆಯಲ್ಲಿ ಹುಡುಕಿ ಕೊಟ್ಟದ್ದು, ತಗಾ ಗಟ್ಟಿ ಐತಿ, ಮಳಿಗೆ ಕೊಳಿಯಂಗಿಲ್ಲ — ಕೊಟ್ಟೂರು ದಾಟಿತು, ಹರಪನಹಳ್ಳಿ ಇನ್ನೂ ದೂರ, ಬಿಸಿಲು ತೊಡೆಯ ಮೇಲೇ ಬಂದು ಕೂತಿದೆ, ಟಿಕೆಟ್ ಕೂಡ ಇಲ್ಲದೆ. ಗಿಡ ಇದ್ದರೆ ಒಂದು ವರ್ಷ ಉಳಿಯಿತು, ಇಲ್ಲದಿದ್ದರೆ ಹೋಯಿತು, ಇಷ್ಟೇ ವಿಷಯ, ಇದರಲ್ಲಿ ಅಳುವುದೇನು, ಆದರೂ ನಿನ್ನೆ ಕೂಡ್ಲಿಗಿಯ ಕಾಲೇಜಿನಲ್ಲಿ ಭೀಮೇಶ್ ಸರ್ ಮುಂದೆ ಕಣ್ಣೊರೆಸಿಕೊಂಡಿದ್ದಳು, ಬೇರೆ ಕಾಲೇಜಿನಿಂದ ಬಂದವರ ಹಳೆಯ ವಿಷಯಗಳನ್ನು ಹೊಂದಿಸಿ ನೋಡುವವರು ಅವರೇ, ಎರಡು ವರ್ಷ ಸುಮ್ಮನಿದ್ದು ಕೊನೆಯ ಸೆಮಿಸ್ಟರಿನಲ್ಲಿ ನೋಡಿದರು, ಇತಿಹಾಸ ಹೊಂದೇತಿ, ಅರ್ಥಶಾಸ್ತ್ರ ಹೊಂದೇತಿ, ಎಲ್ಲಾರೂ ಪಾಸಾಗಬೇಕಾದ ಸಾಮಾನ್ಯ ವಿಷಯದಾಗ ಸಂವಿಧಾನನೂ ಹೊಂದೇತಿ, ಪರಿಸರ ಅಧ್ಯಯನ ಮಾತ್ರ ಹೊಂದಂಗಿಲ್ಲವ್ವ, ಬರದದ್ದಕ್ಕ ಅಂಕ ಅದಾವ, ಗಿಡ ನೆಡಾ ಕೆಲಸಕ್ಕ ಇಲ್ಲ, ಹಳೇ ಕಾಲೇಜಿನ್ಯಾಗ ಸಹಿ ಮಾಡಿಸ್ಕೊಂಡು ಬಾ, ಇಲ್ಲಾಂದ್ರ ಡಿಸೆಂಬರಿನ್ಯಾಗ ಮೊದಲನೇ ವರ್ಷದವರ ಜೋಡಿ ಕುಂತು ಬರಿ. ಡಿಸೆಂಬರ್ ಎಂದರೆ ಈ ಸಲದ ಬಿ.ಎಡ್. ಸೀಟು ಇಲ್ಲ. ಅವ್ವ ಆಗಲೇ ಹಾಸ್ಟೆಲಿನ ಹುಡುಗಿಯರಿಗೆಲ್ಲ ನನ್ನ ಮಗಳು ಟೀಚರ್ ಆಗ್ತಾಳ ಎಂದು ಹುಳಿಸಾರಿನ ಜೊತೆಗೆ ಬಡಿಸಿಯಾಗಿದೆ.

ಅವ್ವನಿಗೂ ವರ್ಗವಾಗಿತ್ತಲ್ಲ, ಹರಪನಹಳ್ಳಿಯ ಹಾಸ್ಟೆಲಿನಿಂದ ಕೂಡ್ಲಿಗಿಯ ಹಾಸ್ಟೆಲಿಗೆ, ಅಡುಗೆಯವಳು ಕನಕಮ್ಮ ಅಲ್ಲಿ ಬೇಯಿಸಿದ್ದು ಇಲ್ಲೂ ಲೆಕ್ಕಕ್ಕೆ ಬಂತು, ಸರ್ವಿಸು, ರಜೆ, ಎಲ್ಲ ಹಿಂದೆಯೇ ಬಂದವು, ಅಲ್ಲಿಯ ಸಾರು ಸಾರಲ್ಲ ಎಂದು ಯಾರೂ ಅನ್ನಲಿಲ್ಲ, ಅವಳ ಬೆನ್ನಿಗೆ ಬಂದ ಮಗಳ ಓದು ಮಾತ್ರ ಅರ್ಧ ದಾರಿಯಲ್ಲಿ ಇಳಿದುಕೊಂಡಿತು, ಒಂದು ಹೊಂಗೆ ಸಸಿ, ಮೊಣಕಾಲುದ್ದದ್ದು, ಕಾಲೇಜಿನ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ನೆಟ್ಟು, ಡಬ್ಬಿಯ ತಗಡು ಕತ್ತರಿಸಿ ಹೆಸರು ಬರೆದು, ನೀಲಿ ವೈರಿನಲ್ಲಿ ಕಟ್ಟಿ, ಬಿಗಿಯಾಗಿ, ಗಾಳಿಗೆ ಹಾರದಂತೆ — ಬಿಗಿ ಜಾಸ್ತಿಯಾಯ್ತೇನೋ ಎಂದು ಆಗ ಅನಿಸಿರಲಿಲ್ಲ. ಇಳೀರಿ ಇಳೀರಿ ಎಂದ ಕಂಡಕ್ಟರ್, ಹರಪನಹಳ್ಳಿ ಬಂದಿತ್ತು.

ಅಂಜಿನೇಯಲು ಸರ್ ಬದಲಾಗಿಲ್ಲ, ಅದೇ ಕನ್ನಡಕ, ಅದೇ ಕರವಸ್ತ್ರ ಕಾಲರಿನೊಳಗೆ, ಪರಿಸರ ಪಾಠ ಮಾಡುವವರಿಗೆ ಬೆವರು ಜಾಸ್ತಿ ಎಂದು ಹುಡುಗರು ನಗುತ್ತಿದ್ದರು, ಸರ್ ಒಮ್ಮೆ ನೋಡಿ ನಕ್ಕರು, ನೀಲಿ ವೈರಿನಾಕಿ ಅಲ್ಲೇನವ್ವಾ ನೀನು, ಎಲ್ಲಾರೂ ಸುತಳಿ ಕಟ್ಟಿದ್ರ ನೀನೊಬ್ಬಾಕಿ ವೈರ್ ಕಟ್ಟಿದ್ದಿ, ನೆನಪೈತಿ ನನಗ, ತಗಡು ಬಿದ್ದಿದ್ರೂ ಚಿಂತಿಲ್ಲ, ಆ ವೈರು ತೋರ್ಸು, ಸಹಿ ಮಾಡ್ತೀನಿ — ಎದೆ ಹಗುರಾಯಿತು, ಇಷ್ಟು ಸುಲಭವೇ — ಬಾಗಿಲು ದಾಟುವಾಗ ಸರ್ ಮತ್ತೆ ಕರೆದರು, ಒಂದ್ ಮಾತು, ಒಂದು ಗಿಡಕ್ಕ ಒಂದೇ ಹೆಸರು ನೋಡವ್ವ, ಬ್ಯಾರೆಯವರ ಹೆಸರು ಇದ್ದು ನೀನು ನಂದು ಅಂದ್ರ ನಾನು ಅವರ ಅಂಕ ತೆಗೀಬೇಕಾಗತೈತಿ, ಹುಷಾರಾಗಿ ನೋಡ್ಕೊಂಡು ಬಾ. ಆಯ್ತು ಸರ್ ಎಂದು ಹೊರಟಳು.

ಟ್ಯಾಂಕಿನ ಹಿಂದೆ ಬಹಳಷ್ಟು ಒಣಕಡ್ಡಿಗಳು ತಮ್ಮ ತಮ್ಮ ಹೆಸರು ಕಟ್ಟಿಕೊಂಡು ನಿಂತಿವೆ, ಹೆಸರು ಗಟ್ಟಿ, ಗಿಡ ಸತ್ತಿದೆ, ಅವುಗಳ ನಡುವೆ ಒಂದೇ ಒಂದು ಹೊಂಗೆ, ಅವಳಿಗಿಂತ ಎತ್ತರ, ಬೇಸಿಗೆಯಲ್ಲೂ ಹೊಳೆಯುವ ಎಲೆ, ಖುಷಿಗೆ ಓಡಿಬಿಟ್ಟಳು, ಓಡಿ ನಿಂತಳು, ಹೊಸ ಸುತಳಿಯಲ್ಲಿ ಹೊಸ ತಗಡು, ಪ್ರಿಯಾ, ಮೊದಲ ವರ್ಷ, ಅದರ ಕೆಳಗೆ ಕಾಂಡ ಎರಡೂ ಕಡೆ ಉಬ್ಬಿ ನಡುವೆ ಸೊಂಟದಂತೆ ಸಣ್ಣಗಾಗಿದೆ, ಅಲ್ಲಿ ತೊಗಟೆಯೊಳಕ್ಕೆ ಹೋಗಿ ಆಚೆ ಕಡೆ ಹೊರಬಂದ ಒಂದಿಷ್ಟು ನೀಲಿ. ನನ್ನದೇ, ಉಗುರಿನಿಂದ ಕೆದಕಿದಳು, ನನ್ನದೇ, ಓಡಿಹೋಗಿ ಸರ್ ಅವರನ್ನು ಕರೆದುಕೊಂಡು ಬಂದರೆ ಮುಗಿಯಿತು, ಸಂಜೆಯ ಬಸ್ಸು, ಅವ್ವನಿಗೆ ಫೋನು — ಅಕ್ಕಾ ಸ್ವಲ್ಪ ಸರೀರಿ ಎಂದಿತು ಹಿಂದಿನಿಂದ ಒಂದು ದನಿ. ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಇಕ್ಕಳ, ತೆಳ್ಳನೆಯ ಹುಡುಗಿ, ಕೊಡದ ಭಾರಕ್ಕೆ ಒಂದು ಕಡೆ ವಾಲಿದ್ದಾಳೆ. ಇದು ನಿಂದಾ? ಹೂಂ ಅಕ್ಕಾ, ನನ್ನ ಸಸಿ ಒಣಗಿತ್ರಿ, ಇದಕ್ಕ ಹೆಸರಿರಲಿಲ್ಲ, ಹಂಗೇ ಸೊರಗಿ ನಿಂತಿತ್ತು, ಮಳಿಗಾಲ ಮುಗದಾಗಿಂದ ದಿನಾ ನಾನೇ ನೀರು ಹಾಕ್ತೀನಿ, ಈ ಟ್ಯಾಂಕಿಗೆ ನೀರೇ ಬರಂಗಿಲ್ಲ, ಆ ಬೋರ್‌ನಿಂದ ಹೊತ್ಕೊಂಡು ಬರೋದು. ಬೋರು ಮೈದಾನದ ಆಚೆ ತುದಿಗಿದೆ. ಯಾರೋ ಹಾಳಾದೋರು ವೈರು ಬಿಗದು ಹೋಗ್ಯಾರ ನೋಡ್ರಿ, ಕೊಳ್ಳಿಗೆ ಉರುಲಾಗೇತಿ, ಇನ್ನೊಂದು ಮಳಿಗಾಲ ತಡಿಯಂಗಿಲ್ಲ ಅಂದ್ರು ಮಾಲಿ ಅಣ್ಣ, ಅದಕ್ಕ ಇಕ್ಕಳ ತಂದೀನಿ — ಹಾಳಾದೋರು, ಸರಿಯಾದ ಮಾತು, ಸಮತಾಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಹೇಳಬಹುದು, ಒಂದು ಮಾತು, ತಂಗೀ ಆ ಹಾಳಾದಾಕಿ ನಾನೇ, ನೆಟ್ಟಾಕಿನೂ ನಾನೇ, ಸುಳ್ಳಲ್ಲ, ಗುಂಡಿ ತೋಡಿ ಅಂಗೈಗೆ ಎದ್ದ ಬೊಬ್ಬೆ ಇನ್ನೂ ನೆನಪಿದೆ, ಒಂದು ಗಿಡಕ್ಕೆ ಒಂದೇ ಹೆಸರು, ಇವಳ ತಗಡು ಬಿಚ್ಚುತ್ತಾರೆ, ನೀನು ಹಾಕಿದ ನೀರು ಲೆಕ್ಕಕ್ಕಿಲ್ಲವ್ವ, ಹೊಂದಂಗಿಲ್ಲ — ಭೀಮೇಶ್ ಸರ್ ದನಿ ತನ್ನ ಗಂಟಲೊಳಗೇ ಬಂದು ಕೂತಂತಾಯಿತು, ಅಸಹ್ಯವಾಯಿತು, ಇವಳಿಗೆ ಈ ಮಾತನ್ನು ಹೇಳುವವಳು ತಾನೇ ಆಗಬೇಕೆ, ಆದರೂ ಒಂದು ವರ್ಷ, ಅವ್ವನ ಕೈಯ ಸೌಟು ಒಂದು ಗಳಿಗೆ ನಿಂತು ಮತ್ತೆ ಆಡುವುದು ಕಾಣುತ್ತದೆ, ಆತು ಬಿಡು, ಮುಂದಿನ ವರ್ಷ ಅಂತ ಹೇಳ್ತೀನಿ — ನೀವೂ ಇಲ್ಲೇ ಓದಿದ್ರೇನಕ್ಕಾ, ನಿಮ್ಮ ಗಿಡ ಯಾವ್ದು? ಪ್ರಿಯಾ ಕೇಳುತ್ತಿದ್ದಾಳೆ, ಇಕ್ಕಳದ ಬಾಯಿ ತೆರೆದಿದೆ.

ಒಣಗೇತಿ, ಎಂದಳು ಸಮತಾ.

ಅಯ್ಯ, ಪಾಪ, ಹಂಗಾರ ಈ ಬೊಡ್ಡಿ ಸ್ವಲ್ಪ ಗಟ್ಟಿ ಹಿಡಕೋರಿ ಅಕ್ಕಾ, ಅಲ್ಲಾಡತೈತಿ — ಹಿಡಿದಳು, ತೊಗಟೆ ಬೆಚ್ಚಗಿದೆ, ಡಿಸೆಂಬರ್, ಮೊದಲ ವರ್ಷದವರ ಬೆಂಚು, ಪರಿಸರ ಎಂದರೇನು ಎಂಬ ಪ್ರಶ್ನೆ ಮತ್ತೆ ಬರುತ್ತದೆ, ಕಟ್ ಎಂದಿತು ಇಕ್ಕಳ, ಪ್ರಿಯಾ ತುದಿ ಹಿಡಿದು ಎಳೆದಳು, ತಾಮ್ರ ಉದ್ದಕ್ಕೆ ಬಂತು, ಬಂತಕ್ಕಾ ಬಂತು, ನೀಲಿ ಒಳಗೇ ಉಳಿಯಿತು, ಒಗೀರಿ ಕಸಕ್ಕ ಎಂದು ತಾಮ್ರವನ್ನು ಇವಳ ಅಂಗೈಗೆ ಹಾಕಿ ಕೊಡ ಬಗ್ಗಿಸಿದಳು, ನೀರು ಬುಡಕ್ಕೆ ಇಳಿಯುತ್ತಿದೆ, ಸರ್ ಅಲ್ಲಿ ಕಾಯುತ್ತಿರಬೇಕು, ಹೋಗಬೇಕು, ಹೋಗಿ ಅವರಿಗೂ ಒಣಗೇತಿ ಎಂದೇ ಹೇಳಬೇಕು, ಗಿಡದ ಸುತ್ತ ಬೆರಳಾಡಿಸಿದರೆ ಆ ಗೆರೆ ಸಿಗುತ್ತದೆ, ಒಳಗೆ ಕೂತ ನೀಲಿ, ಸುತ್ತಿ ಬಂದರೂ ನೀಲಿ, ಇನ್ನೊಮ್ಮೆ ಸುತ್ತಿದರೂ, ತೊಗಟೆಯೊಳಗೆ, ನೀಲಿ —