ಅಂಜಲಿ ಹೇಳಿದ ಸಾಕ್ಷಿ

ಮರಳಿ ಗ್ರಾಮದ ಅಂಜಲಿಯ ಮಗಳಿಗೆ ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ಕೂಸು ಕಣ್ಣು ತೆರೆಯದಾದಾಗ ಪಕ್ಕದ ಮನೆಯ ಶಹನಾಜಬೇಗಂ ಆಟೊ ತರಿಸಿ, ತಾಯಿ ಮಗಳಿಬ್ಬರನ್ನೂ ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಸಲೈನ್ ಏರಿಸಿದರು. ಇತ್ತ ಊರಿನ ಪುಟ್ಟ ಚರ್ಚಿನಲ್ಲಿ ಪಾಸ್ಟರ್ ಮಾರೆಪ್ಪ ಅನ್ನ ಬಿಟ್ಟು ಪ್ರಾರ್ಥನೆಗೆ ಕೂತರು. ಕೂಸು ಉಳಿಯಿತು.

ಮಾರೆಪ್ಪನವರ ಸಂತೋಷಕ್ಕೆ ಮಿತಿಯಿರಲಿಲ್ಲ. ಪ್ರಾರ್ಥನೆಯಿಂದಲೇ ಕೂಸು ಉಳಿಯಿತೆಂದು ಕಂಡವರಿಗೆಲ್ಲ ಹೇಳಿದರು. ಒಂದು ಶನಿವಾರ ಅಂಜಲಿಯ ಮನೆಗೂ ಬಂದರು.

"ನಾಳಿ ಸಭ್ಯಾಗ ಸಾಕ್ಷಿ ಹೇಳವ್ವಾ. ಬ್ಯಾರೆ ಊರಿನ ವಿಶ್ವಾಸಿಗಳೂ ಬರ್ತಾರ. ಆಸ್ಪತ್ರಿ ಸುದ್ದಿ ಬ್ಯಾಡ. ಪ್ರಾರ್ಥನಿ ಮಾಡಿದ್ವಿ, ಯೇಸಪ್ಪ ಉಳಿಸಿದ, ಅಷ್ಟ ಅನ್ನು."

ತನ್ನ ಕೂಸಿಗಾಗಿ ಉಪವಾಸ ಕೂತವರಿಗೆ ಇಲ್ಲ ಎನ್ನುವುದು ಹೇಗೆ? ಅಂಜಲಿ ತಲೆಯಾಡಿಸಿದಳು. ಆದರೆ ಅವರು ಹೋದ ಮೇಲೆ ರೊಟ್ಟಿ ಬಡಿಯಲು ಕೂತರೂ ಕೈ ನಡೆಯಲಿಲ್ಲ.

ಸಂಜೆ ಮಾರೆವ್ವನನ್ನು ನೋಡಲು ಹೋದಳು. ಅಂಜಲಿಗೆ ಪ್ರಾರ್ಥನೆ ಕಲಿಸಿದ್ದೇ ಆ ಮುದುಕಿ. ಸಕ್ಕರೆ ಕಾಯಿಲೆಯಿಂದ ಮಾರೆವ್ವನ ಕಾಲಿನ ಹುಣ್ಣು ಮಾಯದೆ ಬಾತುಕೊಂಡಿತ್ತು.

"ಗುಳಗಿ ತಗೊಳ್ಳಾಕತ್ತಿಲ್ಲೇನಬೇ?"

"ಬಿಟ್ಟೀನವ್ವಾ. ನಿನ್ನ ಕೂಸು ಬರೇ ಪ್ರಾರ್ಥನಿಯಿಂದ ಆರಾಮ ಆತಂತಲ್ಲ. ಗುಳಗಿ ನುಂಗಿದ್ರ ನನ್ನ ವಿಶ್ವಾಸ ಕಡಿಮಿ ಆಗಂಗಿಲ್ಲೇನು?"

ಅಂಜಲಿ ಗಾಬರಿಯಿಂದ ಅವಳ ಪಕ್ಕ ಕೂತಳು. ಸಲೈನ್ ಹಚ್ಚಿದ್ದು, ಸೂಜಿ ಚುಚ್ಚಿದ್ದು ಎಲ್ಲ ಹೇಳಿದಳು. ಮಾರೆವ್ವ ಗೊಂದಲದಿಂದ ಅವಳನ್ನೇ ನೋಡಿದಳು.

"ಪಾಸ್ಟರು ಹಂಗ ಹೇಳಲಿಲ್ಲಲ್ಲ. ನಾಳಿ ಸಭ್ಯಾಗ ನೀ ಏನ್ ಹೇಳ್ತೀ ಕೇಳಿ ನೋಡ್ತೀನಿ."

ಮರುದಿನ ಸಭೆಯಲ್ಲಿ ಅಂಜಲಿ ಸಾಕ್ಷಿ ಹೇಳಲು ಎದ್ದು ನಿಂತಳು. ಎದುರಿಗೆ ಮಾರೆಪ್ಪ ನಗುಮುಖದಿಂದ ಕೂತಿದ್ದರು.

"ನೀವೆಲ್ಲಾ ಪ್ರಾರ್ಥನಿ ಮಾಡಿದ್ರಿ, ಅದನ್ನ ಸಾಯೂತನಾ ಮರಿಯಂಗಿಲ್ಲ. ಆದ್ರ ಕೂಸನ್ನ ಆಸ್ಪತ್ರಿಗೆ ಒಯ್ದಾಕಿ ಶಹನಾಜಕ್ಕ. ಔಷಧ ಕೊಟ್ಟವರು ಡಾಕ್ಟರು. ಅವರನ್ನೂ ದೇವರ ಕಳಿಸ್ಯಾನ ಅಂತ ನಾ ನಂಬೀನಿ. ಇದನ್ನ ಮುಚ್ಚಿಟ್ಟು ಆತನ ಹೆಸರು ಹೇಳಾಕ ನನ್ನ ಮನಸ್ಸಾಕ್ಷಿ ಒಪ್ಪವಲ್ದರಿ. ಯಾರೂ ಗುಳಗಿ ಬಿಡಬ್ಯಾಡ್ರಿ."

ಮಾರೆಪ್ಪನವರ ಮುಖ ಕೆಂಪಾಯಿತು. "ಯಾರು ಬಿಟ್ಟಾರ?" ಎಂದರು ಒರಟಾಗಿ.

"ನಾನಽ ಬಿಟ್ಟಿದ್ದೆ, ತಮ್ಮಾ," ಎಂದಳು ಮಾರೆವ್ವ, ಕಾಲಿನ ಬಟ್ಟೆ ಸರಿಸಿ.

ಮಾರೆಪ್ಪ ಹತ್ತಿರ ಬಂದು ನೆಲದಲ್ಲಿ ಕೂತರು. ಹುಣ್ಣನ್ನು ನೋಡುತ್ತಿದ್ದಂತೆ ಸಿಟ್ಟು ಇಳಿದು ಕಣ್ಣು ತುಂಬಿದವು.

"ತಪ್ಪಾತಬೇ. ನಿಮ್ಮ ವಿಶ್ವಾಸ ಬೆಳೀಲಿ ಅಂತ ಖರೇ ಸಂಗತಿ ಮುಚ್ಚಿಟ್ಟೆ." ಆಮೇಲೆ ಅಂಜಲಿಯ ಕಡೆ ತಿರುಗಿದರು. "ನಾ ಹೇಳಬೇಕಾದ್ದನ್ನ ನೀ ಹೇಳಿದಿ, ತಂಗಿ."

ಅಂಜಲಿಗೆ ಅಳು ಬಂತು. ಹಗುರಾಗಿ, ಮನಸಾರೆ ಅತ್ತಳು.

ಆರಾಧನೆ ಮುಗಿದದ್ದೇ ಮಾರೆಪ್ಪ ಮುದುಕಿಯನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಗಂಗಾವತಿಗೆ ಹೊರಟರು. ಮಾರೆವ್ವ ಅವರ ಹೆಗಲು ಗಟ್ಟಿಯಾಗಿ ಹಿಡಿದು, "ಸಾವಕಾಶ ಹೊಡಿಯೋ, ನನ್ನನ್ನ ಈಗಽ ಸ್ವರ್ಗಕ್ಕ ಕಳಸಬ್ಯಾಡ," ಎಂದು ಊರ ಅಗಸಿ ಬಾಗಿಲು ದಾಟುವವರೆಗೂ ಬೈಯುತ್ತಲೇ ಇದ್ದಳು.