ಅಲುಗದ ಮುಳ್ಳು

"ಅಕ್ಕಾ, ನೀವು ಕಾರು ಓಡಿಸ್ತೀರೋ, ಗಡಿಯಾರದ ಅಂಗಡಿ ಇಡ್ತೀರೋ?" ಎನ್ನುತ್ತ ಬಿಡಿಭಾಗದ ಅಂಗಡಿಯವನು ಇನ್ನೊಂದು ಡಬ್ಬಿ ಬಿಚ್ಚಿ ಗಾಜಿನ ಮೇಲಿಟ್ಟ.

ಅಣ್ಣನ ಜೊತೆ ಬಂದಿದ್ದ ತಂಗಿಗೆ ನಗು ಬಂತು, ಆದರೆ ತಲೆ ಎತ್ತಲಿಲ್ಲ. ನೀರಿನ ಬಿಸಿ ತೋರಿಸುವ ಮೀಟರನ್ನೂ ಎಣ್ಣೆಯ ಬಿಸಿ ತೋರಿಸುವುದನ್ನೂ ಆಗಲೇ ಆರಿಸಿಟ್ಟಿದ್ದಳು. ಈಗ ಕೈಯಲ್ಲಿದ್ದದ್ದು ಆಯಿಲ್ ಪ್ರೆಶರಿನದು. ವೈರಿನದಲ್ಲ, ಕೊಳವೆಯದು. ಎಂಜಿನ್ನಿನ ಎಣ್ಣೆಯೇ ಸಣ್ಣ ಕೊಳವೆಯಲ್ಲಿ ಮೀಟರಿನವರೆಗೆ ಬಂದು ಮುಳ್ಳನ್ನು ತಳ್ಳುತ್ತದೆ.

"ಅದ್ಯಾಕೆ? ಪ್ರೆಶರಿಂದು ಇದೆಯಲ್ಲ," ಅಂದ ಅಣ್ಣ. ಅವರ ರೇಸ್ ಕಾರಿನ ಎಂಜಿನ್ ಅವನದೇ ಕೆಲಸ. ಓಡಿಸುವುದು ಅವಳು.

"ಟೈರು ಹೊಸದಲ್ವಾ, ಹಿಡಿತ ಜಾಸ್ತಿ. ಉದ್ದ ತಿರುವಲ್ಲಿ ಎಣ್ಣೆಯೆಲ್ಲ ಒಂದೇ ಕಡೆ ನುಗ್ಗತ್ತೆ. ನಿಜವಾದ ನಂಬರ್ ನೋಡ್ಬೇಕು."

"ಆ ಕೊಳವೆ ಒಡೆದ್ರೆ ಕಾದ ಎಣ್ಣೆ ನಿನ್ನ ತೊಡೆ ಮೇಲೆ ಸುರಿಯತ್ತೆ. ಬೋಂಡ ಆಗ್ತೀಯ."

"ಆದ್ರೆ ನೀನೇ ತಿನ್ನು," ಎಂದು ಅವಳು ಮೂರನ್ನೂ ಕಟ್ಟಿಸಿಕೊಂಡಳು.

ಅಣ್ಣನ ಕೆಲಸದ ಮೇಲೆ ಅವಳಿಗೆ ಅನುಮಾನವೇನೂ ಇರಲಿಲ್ಲ. ಹಿಂದಿನ ವರ್ಷ ಉದ್ದನೆಯ ಎಡತಿರುವಿನಲ್ಲಿ ಪ್ರೆಶರ್ ಮೀಟರಿನ ಮುಳ್ಳು ದೊಪ್ಪನೆ ಬೀಳುತ್ತಿತ್ತು. ಎಣ್ಣೆ ಸಿಗದ ಎಂಜಿನ್ ಯಾವ ಗಳಿಗೆಯಲ್ಲಾದರೂ ಕಚ್ಚಿಕೊಳ್ಳಬಹುದು. ಕಚ್ಚಿದರೆ ಚಕ್ರವೂ ನಿಂತು ಕಾರು ನೇರ ಗೋಡೆಗೆ. ಹಾಗಾಗಿ ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದಳು, ಹಿಂದಿನವರೆಲ್ಲ ಮುಂದೆ ಹೋಗುತ್ತಿದ್ದರು. ಆಮೇಲೆ ಅಣ್ಣ, ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನೊಳಗೆ ಎಣ್ಣೆ ನುಗ್ಗದಂತೆ ತಡೆತಗಡು ಬೆಸೆದೆ ಅಂದ. ಮುಳ್ಳು ಮತ್ತೆ ಬೀಳಲಿಲ್ಲ. ಅವಳು ಗೆಲ್ಲತೊಡಗಿದಳು. ಯಾರು ಕೇಳಿದರೂ "ನಮ್ಮಣ್ಣ ಮಾಡಿದ್ದು" ಎಂದು ಬೀಗುತ್ತಿದ್ದಳು.

ಹೊಸ ಮೀಟರುಗಳನ್ನು "ನಾನು ಹಾಕ್ತೀನಿ ಬಿಡು" ಅಂದವನು ಹಾಕಲಿಲ್ಲ. ಒಂದು ದಿನ ಸ್ಪ್ಯಾನರ್ ಸಿಗಲಿಲ್ಲ, ಇನ್ನೊಂದು ದಿನ ಬೆನ್ನುನೋವು. ಕೊನೆಗೆ, ರೇಸಿನ ದಿನ ಬೆಳಗಿನ ಅಭ್ಯಾಸಕ್ಕೆ ಮುಂಚೆ ಅವನು ಪೆಟ್ರೋಲ್ ತರಲು ಹೋದಾಗ, ಅವಳೇ ಟ್ರ್ಯಾಕಿನ ಬದಿಯ ರಿಪೇರಿ ಜಾಗದಲ್ಲಿ, ಪಿಟ್ಟಿನಲ್ಲಿ ಕೂತು ಕೊಳವೆಯ ಮೀಟರನ್ನು ಹಳೆಯದರ ಪಕ್ಕದಲ್ಲೇ ಕೂರಿಸಿ ಟ್ರ್ಯಾಕಿಗಿಳಿದಳು.

ನೇರ ರಸ್ತೆಯಲ್ಲಿ ಎರಡೂ ಮುಳ್ಳುಗಳು ಒಂದೇ ಮಾತಾಡಿದವು. ಎಡತಿರುವಿಗೆ ಕಾರು ವಾಲಿತು. ಹೊಸ ಮುಳ್ಳು ಸೊನ್ನೆಗೆ ಬಿತ್ತು. ಹಳೆಯದು ಇದ್ದಲ್ಲೇ ಇತ್ತು, ನಟ್ಟನಡುವೆ, ಚಿತ್ರದ ಮುಳ್ಳಿನ ಹಾಗೆ.

ಅವಳು ಕ್ಲಚ್ ಒತ್ತಿ ಎಂಜಿನ್ ಆರಿಸಿದಳು. ಕಾರು ಸದ್ದಿಲ್ಲದೆ ಉರುಳಿ ಪಿಟ್ಟು ಸೇರಿತು.

ಹೆಲ್ಮೆಟ್ಟನ್ನೂ ತೆಗೆಯದೆ ಡ್ಯಾಶ್‌ಬೋರ್ಡ್ ಬಿಚ್ಚಿದಳು. ಹಳೆಯ ಮೀಟರಿನಿಂದ ಎಂಜಿನ್ನಿಗೆ ಹೋಗಬೇಕಿದ್ದ ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಲಾಗಿತ್ತು. ಅದರ ಜಾಗದಲ್ಲಿ, ಕರೆಂಟನ್ನು ಸದಾ ಒಂದೇ ಅಳತೆಯಲ್ಲಿ ಬಿಡುವ, ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರ್. ಕೀಲಿ ತಿರುಗಿಸಿದರೆ ಸಾಕು, ಎಣ್ಣೆ ಇರಲಿ ಬಿಡಲಿ, ಮುಳ್ಳು ನಡುವೆ ನಿಲ್ಲುತ್ತದೆ. ಬೆಸುಗೆ ಅಚ್ಚುಕಟ್ಟಾಗಿತ್ತು. ಮೇಲೆ ಕಪ್ಪು ಪ್ಲಾಸ್ಟಿಕ್ ಕವಚ ಹೊದಿಸಿ, ಬಿಸಿ ಮಾಡಿ ಬಿಗಿಗೊಳಿಸಲಾಗಿತ್ತು. ಹಾಗೆ ಮುಗಿಸುವ ಕೈ ಅವಳಿಗೆ ಗೊತ್ತಿದ್ದದ್ದು ಒಂದೇ. ಅವಳಿಗೂ ಬೆಸುಗೆ ಕಲಿಸಿದ್ದು ಆ ಕೈಯೇ.

ಅಣ್ಣ ಕ್ಯಾನು ಹೊತ್ತು ಬಂದ. ಅವಳ ಮಡಿಲಲ್ಲಿದ್ದ ಮೀಟರು ನೋಡಿ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟ.

"ತಗಡು ಬೆಸೆದೇ ಇಲ್ವಾ ನೀನು?"

"ಬೆಸೀಬೇಕು ಅಂತಾನೇ ಇದ್ದೆ ಪುಟ್ಟಿ. ಎಂಜಿನ್ ಇಳಿಸೋಕೆ ಟೈಮ್ ಇರ್ಲಿಲ್ಲ. ಒಂದು ರೇಸಿಗೆ ಅಂತ ಇದನ್ನ ಮಾಡ್ದೆ. ನೀನು ಗೆದ್ದುಬಿಟ್ಟೆ."

"ಗೆದ್ದೆ ಅಂತ?"

"ಮುಳ್ಳು ಬಿದ್ದಾಗಲೆಲ್ಲ ನೀನು ಕಾಲು ತೆಗೀತಿದ್ದೆ. ಕಾಣದೇ ಇದ್ರೆ ತೆಗೆಯಲ್ಲ ಅಂತ ನಂಗೊತ್ತಿತ್ತು. ಕಾರಲ್ಲಿ ಏನೂ ಕಮ್ಮಿ ಇರ್ಲಿಲ್ಲ. ನಿನ್ನ ಭಯ ಒಂದೇ ಇದ್ದದ್ದು."

"ಎಂಜಿನ್ ಕಚ್ಕೊಂಡಿದ್ರೆ? ಅಲ್ಲಿ ಗೋಡೆ ಇದೆ. ನೀನೇ ನೋಡಿದೀಯ."

"ಕಚ್ಕೊಳ್ಳಲಿಲ್ವಲ್ಲ," ಅಂದ ಅವನು. ಅವಳು ಮಡಿಲ ಮೀಟರನ್ನು ಕೆಳಗಿಟ್ಟಾಗ, "ಮೊದಲೆರಡು ಸಲ ನಾನು ಆ ತಿರುವಿನ ಕಡೆ ನೋಡ್ತಾನೇ ಇರ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು," ಎಂದ.

ಮಧ್ಯಾಹ್ನದ ರೇಸಿಗೆ ಕಾರುಗಳನ್ನು ತರಬೇಕೆಂದು ಮೈಕಿನಲ್ಲಿ ಕೂಗಿದರು. ಪಕ್ಕದ ಪಿಟ್ಟಿನವರು ಎಂಜಿನ್ ಶುರು ಮಾಡಿದರು.

ಅಣ್ಣ ಹತ್ತಿರ ಬಂದ. "ಈಗ ಹೆಂಗೂ ಗೊತ್ತಾಯ್ತಲ್ಲ. ಆ ತಿರುವಲ್ಲಿ ಸ್ವಲ್ಪ ನೋಡ್ಕೊಂಡು ಹೋಗು. ಇದೊಂದು ರೇಸ್ ಮುಗೀಲಿ, ನಾಳೇನೇ ಎಂಜಿನ್ ಇಳಿಸ್ತೀನಿ. ನಿನ್ನಾಣೆ."

"ನನ್ನಾಣೆ ಬೇಡ," ಅಂದಳು.

ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟಳು. ಜ್ಯಾಕು ಹಾಕಿ ಕಾರನ್ನೆತ್ತಿ, ಸ್ಟ್ಯಾಂಡು ಕೊಟ್ಟು, ಬೆನ್ನ ಮೇಲೆ ಮಲಗಿ ಅಡಿಗೆ ಸರಿದಳು. ಚೇಂಬರಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟಾಗ, "ಏ, ಬಿಸಿ ಇದೆ, ಕೈ ಸುಡತ್ತೆ," ಎಂದ ಅಣ್ಣ. ಅವಳು ತಿರುಗಿಸಿದಳು. ಎಣ್ಣೆ ಕಪ್ಪಗೆ, ಹೊಗೆಯಾಡುತ್ತ ಅಡಿಗಿಟ್ಟ ತಟ್ಟೆಗೆ ಸುರಿಯಿತು.

ಹೊರಗೆ ಕಾರುಗಳು ಒಂದೊಂದಾಗಿ ಹೊರಟವು. ಅವನು ಕಾರಿನ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳಿಗೆ ಅವನ ಮೊಣಕಾಲು, ಕೈ ಮಾತ್ರ ಕಾಣುತ್ತಿದ್ದವು. ಧಾರೆ ಸಣ್ಣದಾಗುತ್ತ ಬೋಲ್ಟಿನ ತೂತಿಗೆ ಹತ್ತಿರ ಹತ್ತಿರ ಬೀಳತೊಡಗಿದಾಗ ಆ ಕೈ, ಒಂದು ಹನಿಯೂ ನೆಲಕ್ಕೆ ಚೆಲ್ಲದಂತೆ, ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಿತ್ತು.