ಕಸ್ತೂರಿಯ ಮುಷ್ಟಿಯಲ್ಲಿದ್ದ ಮೊಬೈಲು

ನಾನೊಂದು ಮೊಬೈಲು. ಎಲ್ಲೋ ಉದ್ದನೆಯ ಕಾರ್ಖಾನೆಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹುಡುಗಿಯರ ಸಾಲಿನಲ್ಲಿ, ಕೈಯಿಂದ ಕೈಗೆ ದಾಟುತ್ತ ಹುಟ್ಟಿದೆ. ಗದಗಿನ ಉಪನ್ಯಾಸಕರೊಬ್ಬರು ನನ್ನನ್ನು ಕೊಂಡು ಮೂರು ವರ್ಷ ಬಳಸಿದರು. ಒಂದು ದಿನ ಅವರ ಜೇಬಿನಿಂದ ಜಾರಿ ಮೆಟ್ಟಿಲ ಮೇಲೆ ಬಿದ್ದೆ. ಗಾಜು ಸೀಳಿತು, ಬ್ಯಾಟರಿಯ ದಮ್ಮು ಕಡಿಮೆಯಾಯಿತು. ರಿಪೇರಿ ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಕೂತಿದ್ದ ನನ್ನನ್ನು ಕಸ್ತೂರಿ ಎತ್ತಿಕೊಂಡಳು.

ಕಸ್ತೂರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಜಂಪರ್ ಹೊಲಿಯುವವಳು. ಗಂಡ ತೀರಿಕೊಂಡಿದ್ದ. ಮಗಳು ಇಂಚರಾಳಿಗೆ ಒಂಬತ್ತು ವರ್ಷ, ಮಾತು ಬರುತ್ತಿರಲಿಲ್ಲ. ಕಿವಿ ಕೇಳುತ್ತಿದ್ದರೂ ಕರೆದರೆ ತಿರುಗುತ್ತಿರಲಿಲ್ಲ. ಕೈಬಿಟ್ಟರೆ ಸಾಕು, ಎತ್ತಲೋ ನಡೆದುಬಿಡುತ್ತಿದ್ದಳು. ಹುಡುಗಿಯ ವಿವರ ಕಂಡಕಂಡವರ ಕಣ್ಣಿಗೆ ಬೀಳದಿರಲೆಂದು ಅವಳ ಶಾಲೆಯ ಟೀಚರು ಅದನ್ನೂ ತಾಯಿಯ ನಂಬರನ್ನೂ ಅಡಗಿಸಿದ ಒಂದು ಕ್ಯೂಆರ್ ಕೋಡಿನ ಚೀಟಿ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ, ಕೊರಳಿಗೆ ದಾರ ಕಟ್ಟಿ ತೊಡಿಸಿದರು. ನೋಡಲು ಅಂಥದೇ, ಆದರೆ ಬರೇ ಇಂಚರಾಳ ಹೆಸರಿದ್ದ ಇನ್ನೊಂದನ್ನು ಕಲಿಯಲೆಂದು ಕಸ್ತೂರಿಗೆ ಕೊಟ್ಟರು.

"ಇದಕ್ಕ ಬ್ಯಾರೆ ಆ್ಯಪ್ ಏನೂ ಬ್ಯಾಡ್ರಿ. ಫೋನಿನ ಕ್ಯಾಮೆರಾ ತಗದು ಸುಮ್ನ ಹಿಂಗ ಹಿಡೀರಿ. ಇಂಟರ್ನೆಟ್ ಇಲ್ಲಂದ್ರೂ ಅಕ್ಷರ ಬರ್ತಾವ."

ನನ್ನ ಕಣ್ಣಿನ ಮುಂದೆ ಹಿಡಿದರು. ನಾನು ಓದಿದೆ. ಕಸ್ತೂರಿ ಅವತ್ತು ಎಷ್ಟೋ ದಿನದ ಮೇಲೆ ನಕ್ಕಳು.

ಆ ಸೋಮವಾರ ಹನ್ನೊಂದು ಗಂಟೆಗೆ ದಾರದ ಅಂಗಡಿಯಲ್ಲಿ ಬಣ್ಣ ಹೊಂದಿಸಿ ನೋಡಲು ಕಸ್ತೂರಿ ಮಗಳ ಕೈಬಿಟ್ಟಳು. ತಿರುಗಿದಾಗ ಇಂಚರಾ ಇರಲಿಲ್ಲ.

ಒಂದು ತಾಸು ಅವಳು ಹೇಗೆ ಓಡಿದಳೆಂದು ಬಲ್ಲವನು ನಾನೊಬ್ಬನೇ, ಅವಳ ಬೆವತ ಮುಷ್ಟಿಯಲ್ಲಿದ್ದೆನಲ್ಲ. ಪೊಲೀಸರು ಬರೆದುಕೊಂಡರು, ಹುಡುಕಲು ಇಬ್ಬರನ್ನು ಕಳಿಸಿದರು. ಕಸ್ತೂರಿ ಮತ್ತೆ ಮತ್ತೆ ನನ್ನ ಮುಖ ನೋಡುವಳು. ಯಾರಾದರೂ ಚೀಟಿ ಓದಿದರೆ ಕರೆ ಬರಬೇಕಿತ್ತು. ಬರಲಿಲ್ಲ. ನಾನಾಗಿ ಗಂಟೆ ಬಾರಿಸಲು ನನಗೆ ಸಾಧ್ಯವಿದ್ದಿದ್ದರೆ!

ಕಬ್ಬಿನ ಹಾಲಿನವನಿಗೆ ಆ ಇನ್ನೊಂದು ಚೀಟಿ ತೋರಿಸಿದಾಗ ಅವನ ಮುಖ ಸಣ್ಣದಾಯಿತು.

"ಇದನ್ನ ನೋಡೇನ್ರೆವ್ವಾ. ಆ ಹುಡುಗಿ ಇಲ್ಲೇ ನಿಂತಿತ್ತು. ರೊಕ್ಕ ಕಳಸೋ ಆ್ಯಪ್ ತಗದು ಹಿಡದೆ, ತಪ್ಪು ಕೋಡ್ ಅಂತು. ಆಟದ ಸಾಮಾನು ಅಂತ ಬಿಟ್ಟೆ. ಕೈ ಹಿಡ್ಯಾಕ ಹೋದ್ರ ಕಿತ್ಕೊಂಡು ಓಡಿಹೋತು."

ಮಗಳನ್ನು ಕಂಡವರಿಗೆ ಚೀಟಿ ಓದಲು ಬಾರದಿದ್ದರೆ ಕಂಡೂ ಉಪಯೋಗವಿಲ್ಲ ಎಂದು ಕಸ್ತೂರಿಗೆ ಹೊಳೆದದ್ದು ಆಗಲೇ. ಅಂಗಡಿಯಿಂದ ಅಂಗಡಿಗೆ ಹೋಗಿ ಕಲಿಸತೊಡಗಿದಳು. ಬಾಳೆಹಣ್ಣಿನವರು, ಬಳೆಯವರು, ಹಮಾಲರು, ಬಸ್ಸಿಗೆ ಕಾದವರು, ಎಲ್ಲರ ಮುಂದೆಯೂ ನನ್ನನ್ನು ಹಿಡಿದು ತೋರಿಸುವಳು.

"ರೊಕ್ಕದ ಆ್ಯಪ್ ಬ್ಯಾಡ್ರಿ ಯಪ್ಪಾ. ಬರೇ ಕ್ಯಾಮೆರಾ. ಅದ್ರಾಗ ಬರ್ಲಿಲ್ಲಂದ್ರ ಬೆರಳಿಂದ ಮ್ಯಾಲಿಂದ ಕೆಳಗ ಎಳೀರಿ, ಅಲ್ಲಿ ಸ್ಕ್ಯಾನರ್ ಇರ್ತೈತಿ. ಒಂದ್ ಸಲ ಮಾಡಿ ತೋರಸ್ರಿ. ನಿಮ್ಮ ಕಾಲ ಬೀಳ್ತೀನಿ."

ಕೆಲವರು ಕಲಿತರು. ಕೆಲವರು, "ಆಮ್ಯಾಲ ಬಾ" ಎಂದರು. ಒಬ್ಬ ನಕ್ಕ. ನಕ್ಕವನಿಗೂ ಅವಳು ಎರಡನೇ ಸಲ ತೋರಿಸಿದಳು.

ಪ್ರತಿ ಸಲವೂ ನನ್ನ ಕಣ್ಣು ತೆರೆದಾಗ ಚಾರ್ಜು ಇಳಿಯುತ್ತಿತ್ತು. ಮೂವತ್ತೊಂದು. ಹದಿನೆಂಟು. ಒಂಬತ್ತು. ಲೈನಿನ ಕೆಲಸವೆಂದು ಅವತ್ತು ಮಾರ್ಕೆಟ್ಟಿಗೆ ಕರೆಂಟೇ ಇರಲಿಲ್ಲ. ಕಲಿಸಿದರೆ ನಾನು ಸಾಯುತ್ತೇನೆ, ಕಲಿಸದಿದ್ದರೆ ನಾನು ಬದುಕಿ ಏನು ಮಾಡಲಿ? ಅವಳಿಗೂ ಅದು ಗೊತ್ತಿತ್ತು. ಪ್ರತಿ ಸಲ ನನ್ನನ್ನು ತೆರೆಯುವ ಮುಂಚೆ ಮೂಲೆಯಲ್ಲಿನ ಚಾರ್ಜಿನ ಅಂಕಿ ನೋಡಿಕೊಳ್ಳುತ್ತಿದ್ದಳು.

ಆಟೋ ಸ್ಟ್ಯಾಂಡಿನಲ್ಲಿ ಮೌಲಾಸಾಬ ಎಂಬ ನರೆಗಡ್ಡದ ಡ್ರೈವರ್ ಅದನ್ನು ಗಮನಿಸಿದ. "ಅಕ್ಕಾರ, ನಿಮ್ಮ ಫೋನ್ ಮುಚ್ಚಿಡ್ರಿ. ನನ್ನದ್ರಾಗ ಕಲಸ್ರಿ." ಕಲಿತ, ಉಳಿದ ಡ್ರೈವರುಗಳನ್ನೂ ಕರೆದು ಕಲಿಸಿದ. ಆಮೇಲೆ ಆಟೋ ಹತ್ತಿ, "ನಾ ಕೆರಿ ಕಡೆ ನೋಡ್ತೀನಿ" ಎಂದು ಹೊರಟ.

ಮೂರೂವರೆಗೆ ನನ್ನಲ್ಲಿ ಒಂದೇ ಒಂದು ಪರ್ಸೆಂಟ್ ಉಳಿದಿತ್ತು. ಆಗ ಕರೆ ಬಂತು. ಹೊಸ ನಂಬರು. ಎರಡು ಸಲ ಬಡಿದೆ. ಕಸ್ತೂರಿಯ ಬೆರಳು ಗಾಜಿಗೆ ತಾಗಿತು. ಅಷ್ಟರಲ್ಲಿ ನಾನು ಆರಿಹೋದೆ. ಅವಳ ಕೂಗು ನನ್ನ ಕಿವಿಗೆ ಬಿದ್ದ ಕೊನೆಯ ಸದ್ದು.

ಮುಂದಿನದು, ಆ ಸಂಜೆ ಅವಳ ಮನೆಯಲ್ಲಿ ಚಾರ್ಜಿಗಿಟ್ಟಾಗ ಮೌಲಾಸಾಬನ ಬಾಯಿಂದಲೇ ಕೇಳಿದ್ದು. ಇಂಚರಾ ಕೆರೆಯ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳಂತೆ, ಪಾದ ನೀರಿನಲ್ಲಿ. ಜಿಗಿದು ಹಿಡಿಯಲು ಅವನ ಕೈ ಚಾಚಿತ್ತು. ಅಷ್ಟರಲ್ಲಿ ಕಲಿತದ್ದು ನೆನಪಾಗಿ, ಎರಡು ಮೆಟ್ಟಿಲು ಮೇಲಿಂದಲೇ ಅವಳ ಬೆನ್ನಿಗೆ ಜಾರಿದ್ದ ಚೀಟಿಗೆ ಕ್ಯಾಮೆರಾ ಹಿಡಿದ. ಅಕ್ಷರ ಮೂಡಿದವು: ಮುಟ್ಟಬೇಡಿ, ಮುಟ್ಟಿದರೆ ಓಡುತ್ತಾಳೆ. ಗಟ್ಟಿಯಾಗಿ ಒಂದು, ಎರಡು ಎಣಿಸಿ. ಎಣಿಸುವ ತನಕ ಕೂತು ಕೇಳುತ್ತಾಳೆ. ಕೆಳಗೆ ನನ್ನ ನಂಬರು.

ಮೌಲಾಸಾಬ ಎಣಿಸಿದ. ಅವಳು ಕೂತಳು. ಎಣಿಸುತ್ತಲೇ ನನಗೆ ಕರೆ ಮಾಡಿದ, ನಾನು ಎರಡು ಬಡಿತಕ್ಕೇ ಸತ್ತೆ. ಎಣಿಸುತ್ತಲೇ, ನಡುವೆ ನಾಲ್ಕು ಮಾತು ತೂರಿಸಿ ಸ್ಟ್ಯಾಂಡಿನ ಗೆಳೆಯನಿಗೆ ಹೇಳಿದ. ಗೆಳೆಯ ಕಸ್ತೂರಿಯನ್ನು ಹುಡುಕಿ ಕರೆತರುವಾಗ ಮೌಲಾಸಾಬನ ಗಂಟಲು ಒಡೆದು, ಎಣಿಕೆ ಎರಡು ಸಾವಿರ ದಾಟಿತ್ತು. ಕಸ್ತೂರಿ ಮೆಟ್ಟಿಲಿಳಿದು ಅವನ ಮುಂದಿನ ಸಂಖ್ಯೆಯಿಂದ ಎಣಿಸತೊಡಗಿದಳಂತೆ, ಅಳುತ್ತ. ಆಗಲೇ ಅವನು ಬಾಯಿ ಮುಚ್ಚಿದ್ದು.

ಈಗ ನನಗೆ ವಯಸ್ಸಾಗಿದೆ. ಚಾರ್ಜು ನಿಲ್ಲುವುದಿಲ್ಲ. ಹೊಲಿಗೆ ಮಷಿನ್ನಿನ ಡ್ರಾದಲ್ಲಿ ಗುಂಡಿ, ಹುಕ್ಕುಗಳ ನಡುವೆ ಮಲಗಿದ್ದೇನೆ. ಸಾವಿರಾರು ಸಲ ಬಡಿದಿದ್ದೇನೆ, ಬೇಡದವರ ಕರೆಗೂ ಬಡಿದಿದ್ದೇನೆ. ಬೇಕಾದ ಆ ಒಂದು ಕರೆಗೆ ನನ್ನಲ್ಲಿ ಉಸಿರು ಉಳಿದಿರಲಿಲ್ಲ. ಕಸ್ತೂರಿ ಅದಕ್ಕಾಗಿ ನನ್ನನ್ನು ಬೈದದ್ದಿಲ್ಲ. ಆ ಹಗಲೆಲ್ಲ ಊರಿಗೆ ಓದಲು ಕಲಿಸಿದವಳು ಅವಳು. ನಾನು ಅವಳ ಮುಷ್ಟಿಯಲ್ಲಿದ್ದೆ, ಅಷ್ಟೇ. ಹಿಡಿದುಕೊಳ್ಳಲು ಅವಳಿಗೆ ಅವತ್ತು ಬೇರೆ ಏನೂ ಇರಲಿಲ್ಲ.